ದೂರದ ಮತಪೆಟ್ಟಿಗೆ, ನಮ್ಮ ಪೇಟೆಯ ಧಾರಣೆ

2016ರ ನವೆಂಬರ್ 9ರ ಬೆಳಿಗ್ಗೆ ನಾವು ಎಂದಿನಂತೆ ಮುಂಬಯಿಯ ಲೋಕಲ್ ಗಾಡಿಯಲ್ಲಿ ಕಚೇರಿಗೆ ಹೊರಟಿದ್ದೆವು. ಹಿಂದಿನ ರಾತ್ರಿ ಎಂಟು ಗಂಟೆಗೆ ಪ್ರಧಾನಮಂತ್ರಿಗಳು ಐದುನೂರು ಮತ್ತು ಸಾವಿರ ರೂಪಾಯಿಯ ನೋಟುಗಳ ಚಲಾವಣೆ ರದ್ದಾಯಿತೆಂದು ಸಾರಿದ್ದರು. ಗಾಡಿಯ ತುಂಬ ಅದೇ ಮಾತು. ಬಾಗಿಲ ಬಳಿ ನಿಂತಿದ್ದ ಇಬ್ಬರು ತರುಣರು ಮಾತ್ರ ಆ ಗದ್ದಲದಲ್ಲಿ ಸೇರದೆ ಒಂದೇ ಮೊಬೈಲಿನ ಮೇಲೆ ಬಾಗಿದ್ದರು. ಅದರಲ್ಲಿ ಅಮೆರಿಕದ ನಕ್ಷೆ. ಒಂದೊಂದು ರಾಜ್ಯವೂ ಕೆಂಪಾಗುತ್ತಲೋ ನೀಲಿಯಾಗುತ್ತಲೋ ಇತ್ತು. ಒಂಬತ್ತೂಕಾಲಿಗೆ ದಲಾಲ್ ಸ್ಟ್ರೀಟಿನ ವ್ಯವಹಾರ ತೆರೆದಾಗ ಸೆನ್ಸೆಕ್ಸ್ ನೋಡನೋಡುತ್ತಲೇ ಸುಮಾರು 1,690 ಅಂಶ ಕುಸಿಯಿತು. ಸಂಜೆಯ ಹೊತ್ತಿಗೆ ಅದರಲ್ಲಿ ಬಹುಪಾಲು ಮರಳಿ ಬಂದು, ದಿನದ ನಷ್ಟ 338 ಅಂಶಕ್ಕೆ ನಿಂತಿತು.

ಬೆಳಗಿನ ಕುಸಿತಕ್ಕೆ ಕಾರಣ ಯಾವುದು? ನಮ್ಮ ನೋಟುಗಳೋ, ಅವರ ಓಟುಗಳೋ? ಅಂದು ಯಾರೂ ನಿಶ್ಚಯವಾಗಿ ಹೇಳಲಿಲ್ಲ. ಇಂದಿಗೂ ಹೇಳುವುದು ಕಷ್ಟ.

ಆ ವಾರ ನಮ್ಮ ಬಳಗದ ಕೂಟದಲ್ಲಿ ಈ ಮಾತು ಬಂದಾಗ ಗದಗಿನ ಕಡೆಯ ಹಿರಿಯರೊಬ್ಬರು ಕೇಳಿದ್ದರು: "ಅಲ್ರೀ, ಅಮೇರಿಕಾದಾಗ ಯಾರೋ ಅಧ್ಯಕ್ಷ ಆದ್ರ ನಿಮಗ್ಯಾಕ ಇಷ್ಟು ಚಿಂತಿ?" ನಾವು ನಕ್ಕು ಸುಮ್ಮನಾದೆವು. ಆದರೆ ಚಿಂತೆಗೆ ಕಾರಣವಿತ್ತು. 2004ರ ಜನವರಿ 1ರ ನಂತರ ಕೇಂದ್ರ ಸರಕಾರದ ಸೇವೆಗೆ ಸೇರಿದ ನಮ್ಮಂಥವರಿಗೆ ಹಳೆಯ ನಿವೃತ್ತಿವೇತನವಿಲ್ಲ. ಪ್ರತಿ ತಿಂಗಳು ಸಂಬಳದ ಶೇ. 10ರಷ್ಟು ಹೊಸ ಯೋಜನೆಗೆ ಹೋಗುತ್ತದೆ, ಸರಕಾರವೂ ತನ್ನ ಪಾಲು ಸೇರಿಸುತ್ತದೆ. ಅದರ ಒಂದು ಅಂಶ ಶೇರುಪೇಟೆಯಲ್ಲಿ ತೊಡಗುತ್ತದೆ. ನಮ್ಮ ತಂದೆಯವರ ಕಾಲದಲ್ಲಿ ಪೆನ್ಷನ್ ಎಂದರೆ ಸರಕಾರದ ಮಾತು. ನಮ್ಮ ಕಾಲದಲ್ಲಿ ಅದು ಪೇಟೆಯ ಧಾರಣೆಯೂ ಆಗಿದೆ. ಹೀಗಿರುವಾಗ ನಮಗೆ ಮತವಿಲ್ಲದ ದೇಶದ ಚುನಾವಣೆ ನಮ್ಮ ಮುಪ್ಪಿನ ಲೆಕ್ಕದಲ್ಲಿ ಕೈಯಾಡಿಸುತ್ತದೆ ಎಂಬುದನ್ನು ನಕ್ಕು ಮರೆಯಲಾಗದು.

ಅಂದಿನಿಂದ ನಾವು ಈ ಸಂಬಂಧದ ಇತಿಹಾಸವನ್ನು ಬಿಡುವಾದಾಗಲೆಲ್ಲ ಓದುತ್ತ ಬಂದೆವು. ಓದಿದಷ್ಟೂ ಒಂದು ಸಂಗತಿ ಸ್ಪಷ್ಟವಾಯಿತು: ಈ ನಂಟು ಮೊಬೈಲಿನ ಕಾಲದ್ದಲ್ಲ. ಅದು ನಮ್ಮ ಧಾರವಾಡದ ಹತ್ತಿಯ ಹೊಲಗಳವರೆಗೆ, ವಿಜಾಪುರದ ಬರದವರೆಗೆ ಹಿಂದೆ ಹೋಗುತ್ತದೆ. ನಾಲ್ಕು ಚುನಾವಣೆಗಳನ್ನು ಮುಂದಿಟ್ಟುಕೊಂಡು ಅದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

1864: ಚಿನ್ನದ ಕೋಣೆ

ಅಮೆರಿಕದ ಅಂತರ್ಯುದ್ಧದ ಖರ್ಚು ಭರಿಸಲು ಲಿಂಕನ್ನನ ಸರಕಾರ 1862ರಲ್ಲಿ ಚಿನ್ನದ ಆಧಾರವಿಲ್ಲದ ಕಾಗದದ ನೋಟುಗಳನ್ನು ಹೊರಡಿಸಿತು. ಬೆನ್ನಿನ ಹಸಿರು ಬಣ್ಣದಿಂದಾಗಿ ಅವಕ್ಕೆ 'ಗ್ರೀನ್‌ಬ್ಯಾಕ್' ಎಂದು ಹೆಸರಾಯಿತು. ಕಾನೂನು ಅವನ್ನು ಡಾಲರ್ ಎಂದು ಕರೆದರೂ ಪೇಟೆ ಹಾಗೆ ಕರೆಯಲೊಪ್ಪಲಿಲ್ಲ. ನ್ಯೂಯಾರ್ಕಿನಲ್ಲಿ 'ಚಿನ್ನದ ಕೋಣೆ' ಎಂಬ ಪ್ರತ್ಯೇಕ ವ್ಯವಹಾರಸ್ಥಾನವೇ ಹುಟ್ಟಿತು. ನೂರು ಡಾಲರ್ ಚಿನ್ನಕ್ಕೆ ಎಷ್ಟು ಡಾಲರ್ ನೋಟು ಎಂಬುದಷ್ಟೇ ಅಲ್ಲಿನ ಪ್ರಶ್ನೆ. ಉತ್ತರದ ಸೈನ್ಯ ಗೆದ್ದರೆ ನೋಟಿಗೆ ಬೆಲೆ, ಸೋತರೆ ಚಿನ್ನಕ್ಕೆ ಬೆಲೆ. ದೇಶದ ಸೋಲಿನಿಂದ ಲಾಭ ಮಾಡಿಕೊಳ್ಳುವವರೆಂದು ಲಿಂಕನ್ ಈ ಸಟ್ಟಾಗಾರರ ಮೇಲೆ ಕಿಡಿಕಾರಿದ್ದುಂಟು.

1864 ಚುನಾವಣೆಯ ವರ್ಷ. ಮೇ 18ರ ಬೆಳಿಗ್ಗೆ ನ್ಯೂಯಾರ್ಕಿನ ಎರಡು ಪತ್ರಿಕೆಗಳಲ್ಲಿ ಅಧ್ಯಕ್ಷರ ಘೋಷಣೆಯೊಂದು ಅಚ್ಚಾಯಿತು. ಇನ್ನೂ ನಾಲ್ಕು ಲಕ್ಷ ಜನ ಸೈನ್ಯಕ್ಕೆ ಬೇಕೆಂದೂ, ಉಪವಾಸ ಪ್ರಾರ್ಥನೆಯ ದಿನವೊಂದನ್ನು ಆಚರಿಸಬೇಕೆಂದೂ ಅದರಲ್ಲಿತ್ತು. ಓದಿದವರಿಗೆ ಯುದ್ಧ ಕೈತಪ್ಪಿತೆಂದೇ ಅರ್ಥವಾಯಿತು. ಚಿನ್ನ ಏರಿತು. ಆದರೆ ಘೋಷಣೆ ಪೂರ್ತಿ ನಕಲಿ. ಜೋಸೆಫ್ ಹೋವರ್ಡ್ ಎಂಬ ಪತ್ರಕರ್ತ ಮುಂಚಿತವಾಗಿ ಚಿನ್ನ ಖರೀದಿಸಿ, ಆಮೇಲೆ ಈ ಕಾಗದ ಬರೆದು, ನಡುರಾತ್ರಿ ಪತ್ರಿಕೆಗಳಿಗೆ ತಲಪಿಸಿದ್ದ. ಸರಕಾರ ಅವನನ್ನು ಸೆರೆಯಲ್ಲಿಟ್ಟಿತು. ಆ ಎರಡು ಪತ್ರಿಕೆಗಳ ಕಚೇರಿಗಳಿಗೆ ಸೈನಿಕರನ್ನು ಕಳಿಸಿ ಬಾಗಿಲು ಹಾಕಿಸಿತು. ಇನ್ನೂ ವಿಚಿತ್ರವೆಂದರೆ, ಎರಡು ತಿಂಗಳ ನಂತರ ಲಿಂಕನ್ ನಿಜವಾಗಿಯೇ ಐದು ಲಕ್ಷ ಜನರನ್ನು ಕೇಳಬೇಕಾಯಿತು. ಪೇಟೆ ನಂಬಿದ ಸುದ್ದಿ ಸುಳ್ಳಾಗಿತ್ತು. ಪೇಟೆ ಅಂಜಿದ ಸಂಗತಿ ಸುಳ್ಳಾಗಿರಲಿಲ್ಲ.

ಜೂನ್ ತಿಂಗಳಲ್ಲಿ ಸರಕಾರ ಚಿನ್ನದ ವಾಯದೆ ವ್ಯಾಪಾರವನ್ನೇ ನಿಷೇಧಿಸುವ ಕಾಯಿದೆ ತಂದಿತು. ಧಾರಣೆ ಇಳಿಯುವ ಬದಲು ಜಿಗಿಯಿತು. ಹದಿನೈದೇ ದಿನಗಳಲ್ಲಿ, ಜುಲೈ 2ರಂದು, ಕಾಯಿದೆಯನ್ನು ಹಿಂದಕ್ಕೆ ಪಡೆಯಬೇಕಾಯಿತು. ಆ ತಿಂಗಳ ನಡುವೆ ನೂರು ಡಾಲರ್ ಚಿನ್ನಕ್ಕೆ ಸುಮಾರು 285 ಡಾಲರ್ ನೋಟು ಕೊಡಬೇಕಾದ ಸ್ಥಿತಿ ಬಂತು. ಆಗಸ್ಟ್ 23ರಂದು ಲಿಂಕನ್ ಒಂದು ಕಾಗದ ಬರೆದು, ಮಡಿಸಿ, ಒಳಗಿನದನ್ನು ತೋರಿಸದೆಯೇ ತನ್ನ ಮಂತ್ರಿಗಳಿಂದ ಅದರ ಬೆನ್ನಿನ ಮೇಲೆ ರುಜು ಹಾಕಿಸಿಕೊಂಡ. ತಾನು ಮತ್ತೆ ಆರಿಸಿಬರುವುದು ಬಹುತೇಕ ಅಸಂಭವ, ಹಾಗಾದರೆ ಹೊಸ ಅಧ್ಯಕ್ಷ ಅಧಿಕಾರ ವಹಿಸುವುದರೊಳಗೆ ಅವನೊಡನೆ ಸೇರಿ ಒಕ್ಕೂಟವನ್ನು ಉಳಿಸಿಕೊಳ್ಳಬೇಕು ಎಂಬುದು ಒಳಗಿದ್ದ ಮಾತಿನ ಸಾರಾಂಶ. ಪೇಟೆಗೂ ಅಧ್ಯಕ್ಷನಿಗೂ ಅಂದು ಭಿನ್ನಾಭಿಪ್ರಾಯವಿರಲಿಲ್ಲ.

ಹತ್ತು ದಿನಗಳಲ್ಲಿ ಚಿತ್ರ ಬದಲಾಯಿತು. ಸೆಪ್ಟೆಂಬರ್ 2ರಂದು ಶೆರ್ಮನ್ನನ ಸೈನ್ಯ ಅಟ್ಲಾಂಟಾ ನಗರವನ್ನು ಹಿಡಿಯಿತು. ಚಿನ್ನ ಇಳಿಯಿತು. ನವೆಂಬರ್ 8ರಂದು ಲಿಂಕನ್ 212 ಮತಗಣ ಮತಗಳನ್ನು ಪಡೆದು ಗೆದ್ದ. ಎದುರಾಳಿ ಮೆಕ್‌ಕ್ಲೆಲನ್ನನಿಗೆ ದೊರೆತದ್ದು 21. ಆದರೆ ಚುನಾವಣೆಯ ಆಸುಪಾಸಿನಲ್ಲಿ ಚಿನ್ನ ಮತ್ತೆ ಏರಿತ್ತು. ಲಿಂಕನ್ ಗೆಲ್ಲುವುದೆಂದರೆ ಯುದ್ಧ ಕೊನೆಯವರೆಗೂ ನಡೆಯುವುದು, ಅದಕ್ಕಾಗಿ ಇನ್ನಷ್ಟು ನೋಟು ಅಚ್ಚಾಗುವುದು ಎಂದು ಚಿನ್ನದ ಕೋಣೆ ಲೆಕ್ಕ ಹಾಕಿತ್ತು. ಮತದಾರ ಒಕ್ಕೂಟದ ಉಳಿವಿಗೆ, ಗುಲಾಮಗಿರಿಯ ಅಂತ್ಯಕ್ಕೆ ಮತ ಹಾಕಿದ್ದ. ಅದೇ ಮತವನ್ನು ಪೇಟೆ ನೋಟುಗಳ ಸಂಖ್ಯೆಯಾಗಿ ಓದಿಕೊಂಡಿತು.

ಧಾರವಾಡದ ಅರಳೆ, ಮುಂಬಯಿಯ ಸಟ್ಟಾ

ಗದಗಿನ ಹಿರಿಯರಿಗೆ ಈ ಕಥೆ ಹೇಳುತ್ತಿದ್ದಾಗ ಅವರು ನಡುವೆ ತಡೆದು, "ನಮ್ಮ ಕಡೆ ಅಮೇರಿಕನ್ ಅರಳಿ ಅಂತಲೇ ಒಂದು ಜಾತಿ ಇತ್ತು. ನಮ್ಮಜ್ಜನ ಅಡತಿ ಅಂಗಡಿಯೊಳಗ ಅದರ ಲೆಕ್ಕ ಬ್ಯಾರೆ" ಎಂದರು. ಅವರ ಮಾತು ದಿಟ. 1840ರ ದಶಕದಲ್ಲಿ ಕಂಪನಿ ಸರಕಾರ ಅಮೆರಿಕದ ನ್ಯೂ ಆರ್ಲಿಯನ್ಸ್ ಬೀಜವನ್ನು ತಂದು ಹಿಂದೂಸ್ತಾನದ ಅನೇಕ ಕಡೆ ಬಿತ್ತಿಸಿ ನೋಡಿತು. ಚೆನ್ನಾಗಿ ಬೇರೂರಿದ್ದು ಧಾರವಾಡ ಸೀಮೆಯ ಎರೆಹೊಲಗಳಲ್ಲಿ. ಅದು 'ಧಾರವಾಡ-ಅಮೆರಿಕನ್' ಎಂಬ ಹೆಸರಿನಿಂದ ಪೇಟೆಯಲ್ಲಿ ನಡೆಯಿತು. ನಾಡತಳಿಯ ಹತ್ತಿಗೆ 'ಕುಮಟಾ' ಎಂಬ ಹೆಸರು. ಎತ್ತುಗಳ ಮೇಲೆ ಘಟ್ಟ ಇಳಿದು ಕುಮಟೆಯ ಬಂದರಿನಿಂದ ಮುಂಬಯಿಗೆ ಹೋಗುತ್ತಿದ್ದುದರಿಂದ ಬಂದ ಹೆಸರದು.

ಯುದ್ಧಕ್ಕೆ ಮೊದಲು ಇಂಗ್ಲೆಂಡಿನ ಗಿರಣಿಗಳಿಗೆ ಬೇಕಾದ ಹತ್ತಿಯ ಮುಕ್ಕಾಲು ಪಾಲು ಅಮೆರಿಕದ ದಕ್ಷಿಣ ರಾಜ್ಯಗಳಿಂದ ಬರುತ್ತಿತ್ತು. 1861ರಲ್ಲಿ ಲಿಂಕನ್ ಆ ಬಂದರುಗಳಿಗೆ ದಿಗ್ಬಂಧನ ಹಾಕಿದ. ಲಿವರ್‌ಪೂಲಿನಲ್ಲಿ ಹತ್ತಿಯ ಬೆಲೆ ಮೂರು ನಾಲ್ಕು ಪಟ್ಟಾಯಿತು. ಎಲ್ಲರ ಕಣ್ಣು ಮುಂಬಯಿಯತ್ತ ತಿರುಗಿತು. ಕಾರವಾರವನ್ನು ಹತ್ತಿಯ ಬಂದರಾಗಿ ಬೆಳೆಸಬೇಕೆಂಬ ಒತ್ತಾಯ ಹೆಚ್ಚಿ, 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸಿನಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಕನ್ನಡಿಗರು ಮುಂದೆ ಒಂದು ಶತಮಾನದವರೆಗೆ ಏಕೀಕರಣಕ್ಕಾಗಿ ಹೋರಾಡಬೇಕಾಗಿ ಬಂದ ಗಡಿಗೆರೆಗಳಲ್ಲಿ ಒಂದರ ಹಿಂದೆ ಅಮೆರಿಕದ ಯುದ್ಧವೂ ಹತ್ತಿಯ ಧಾರಣೆಯೂ ಇದ್ದವು ಎಂಬುದು ನಮ್ಮ ಚರಿತ್ರೆಯಲ್ಲಿ ಹೆಚ್ಚು ಚರ್ಚೆಯಾಗದ ಸಂಗತಿ.

ಮುಂಬಯಿಗೆ ಹರಿದುಬಂದ ಹಣವನ್ನು ಹಳೆಯ ಬರಹಗಾರರು ಎಂಟು ಕೋಟಿ ಪೌಂಡಿಗೂ ಮಿಗಿಲೆಂದು ಅಂದಾಜಿಸಿದ್ದಾರೆ. ಆ ಹಣ ಸುಮ್ಮನೆ ಕೂರಲಿಲ್ಲ. ಬ್ಯಾಂಕುಗಳು, ಹಣಕಾಸು ಸಂಘಗಳು, ಸಮುದ್ರ ತುಂಬಿ ನೆಲ ಮಾಡುವ ಕಂಪನಿಗಳು ಅಣಬೆಗಳಂತೆ ಎದ್ದವು. ಬ್ಯಾಕ್ ಬೇ ಕಂಪನಿಯ ಐದು ಸಾವಿರ ರೂಪಾಯಿ ಸಂದಾಯವಾಗಿದ್ದ ಶೇರು ಐವತ್ತು ಸಾವಿರದವರೆಗೆ ಏರಿತು. ಪ್ರೇಮಚಂದ್ ರಾಯಚಂದ್ ಈ ಸಟ್ಟಾದ ಅರಸನೆನಿಸಿದ. ಅವನು ದಾನ ಮಾಡಿದ ಹಣದಿಂದ, ಅವನ ತಾಯಿಯ ಹೆಸರಿನಲ್ಲಿ ಕಟ್ಟಿದ ರಾಜಾಬಾಯಿ ಗೋಪುರ ಇಂದಿಗೂ ವಿಶ್ವವಿದ್ಯಾಲಯದ ಅಂಗಳದಲ್ಲಿ ಗಂಟೆ ತೋರಿಸುತ್ತ ನಿಂತಿದೆ.

ಹೀಗೆ 1864ರ ನವೆಂಬರಿನಲ್ಲಿ ಅಮೆರಿಕದವರು ಮತ ಹಾಕುವಾಗ ಮುಂಬಯಿಯ ಇಡೀ ಐಶ್ವರ್ಯ ಒಂದೇ ಊಹೆಯ ಮೇಲೆ ನಿಂತಿತ್ತು: ಯುದ್ಧ ಇನ್ನೂ ನಡೆಯುತ್ತದೆ. ಆ ಶರತ್ಕಾಲದಲ್ಲಿ ಶಾಂತಿಯ ಗಾಳಿಸುದ್ದಿ ಹಬ್ಬಿದಾಗ ಲಿವರ್‌ಪೂಲಿನಲ್ಲಿ ಹತ್ತಿಯ ಬೆಲೆ ಕುಸಿದು, ಮುಂಬಯಿಯವರಿಗೂ ಬಿಸಿ ಮುಟ್ಟಿತ್ತು. ಅಟ್ಲಾಂಟಿಕ್ ಸಾಗರದ ತಂತಿ ಆಗಿನ್ನೂ ಕೆಲಸಕ್ಕೆ ಬಂದಿರಲಿಲ್ಲ. ಲಿಂಕನ್ ಗೆದ್ದ ಸುದ್ದಿ ಹಡಗಿನಲ್ಲಿ ಇಂಗ್ಲೆಂಡಿಗೆ, ಅಲ್ಲಿಂದ ಸುಯೆಜ್ ಮಾರ್ಗದ ಟಪಾಲಿನಲ್ಲಿ ಇಲ್ಲಿಗೆ ತಲಪಬೇಕು. ಒಂದು ತಿಂಗಳಿಗೂ ಮೇಲೆ ಮುಂಬಯಿಯ ಪೇಟೆ ಆಗಿಹೋದ ಚುನಾವಣೆಯ ಫಲಿತಾಂಶದ ಮೇಲೆ ಜೂಜಾಡುತ್ತಿತ್ತು.

ಲಿಂಕನ್ ಗೆದ್ದದ್ದರಿಂದ ಯುದ್ಧ ಮುಂದುವರಿಯಿತು. ಆದರೆ ಬೇಗ ಮುಗಿಯಿತು. 1865ರ ಏಪ್ರಿಲಿನಲ್ಲಿ ಲೀ ಶರಣಾದ. ಆ ವೇಳೆಗೆ ಪರ್ಶಿಯನ್ ಕೊಲ್ಲಿಯ ತಂತಿ ತೆರೆದಿತ್ತು, ಸುದ್ದಿ ಬೇಗ ಬಂತು. ಜುಲೈ 1 ವಾಯದೆಯ ವ್ಯವಹಾರಗಳೆಲ್ಲ ಚುಕ್ತಾ ಆಗಬೇಕಾದ ದಿನ. ಅಂದು ಕೊಡುವವನ ಕೈಯಲ್ಲೂ ಹಣವಿಲ್ಲ, ಕೊಳ್ಳುವವನ ಕೈಯಲ್ಲೂ ಹಣವಿಲ್ಲ. 2,850 ರೂಪಾಯಿ ಮುಟ್ಟಿದ್ದ ಬ್ಯಾಂಕ್ ಆಫ್ ಬಾಂಬೆಯ ಶೇರು ಕೊನೆಗೆ 87ಕ್ಕೆ ಮಾರಾಟವಾಯಿತು; 1868ರಲ್ಲಿ ಆ ಬ್ಯಾಂಕೇ ಮುಚ್ಚಿತು.

ಧಾರವಾಡದ ರೈತ ಈ ಶೇರುಗಳನ್ನು ಕಂಡವನಲ್ಲ. ಅವನು ಕಂಡದ್ದು ಧಾರಣೆಯನ್ನು. ಏರಿದಾಗ ಹತ್ತಿಯ ಹೊಲ ಹೆಚ್ಚಿಸಿದ, ಇಳಿದಾಗ ಸಾಲ ಉಳಿಯಿತು. 1876ರಿಂದ 1878ರವರೆಗಿನ ಬರ ಬಂದಾಗ ಆ ಸಾಲದ ಭಾರವೆಷ್ಟೆಂಬುದು ಎಲ್ಲರಿಗೂ ಕಾಣಿಸಿತು.

1896: ಚಿನ್ನ, ಬೆಳ್ಳಿ ಮತ್ತು ನಮ್ಮ ಬರ

ಹಣದ ಸ್ವರೂಪವೇ ಮತದಾನದ ವಿಷಯವಾದ ಚುನಾವಣೆ 1896ರದು. ಎರಡು ದಶಕಗಳಿಂದ ಅಮೆರಿಕದಲ್ಲಿ ದವಸಧಾನ್ಯಗಳ ಬೆಲೆ ಇಳಿಯುತ್ತಲೇ ಇತ್ತು. ಸಾಲ ಮಾಡಿದ ರೈತನಿಗೆ ಇದರ ಅರ್ಥ ಸರಳ: ಹತ್ತು ಚೀಲ ಗೋಧಿಯಿಂದ ತೀರಬೇಕಾಗಿದ್ದ ಸಾಲಕ್ಕೆ ಈಗ ಇಪ್ಪತ್ತು ಚೀಲ ಬೇಕು. ಚಿನ್ನದ ಜೊತೆಗೆ ಬೆಳ್ಳಿಯನ್ನೂ ಹದಿನಾರಕ್ಕೊಂದರ ಪ್ರಮಾಣದಲ್ಲಿ ಮಿತಿಯಿಲ್ಲದೆ ಟಂಕಿಸಿದರೆ ಹಣ ಹೆಚ್ಚುತ್ತದೆ, ಬೆಲೆ ಏರುತ್ತದೆ, ಸಾಲ ಹಗುರಾಗುತ್ತದೆ ಎಂಬುದು ಅವರ ಬೇಡಿಕೆ. ಪೇಟೆಯಲ್ಲಾದರೋ ಬೆಳ್ಳಿ ಚಿನ್ನದ ಮೂವತ್ತರಲ್ಲಿ ಒಂದು ಪಾಲಿಗಿಂತ ಕೆಳಗಿಳಿದಿತ್ತು.

ಬೆಳ್ಳಿ ಹೀಗೆ ಇಳಿಯುವುದಕ್ಕೆ ನಮ್ಮ ಊರಿನ ಪಾತ್ರವೂ ಇದೆ. ಹಿಂದೂಸ್ತಾನದ ರೂಪಾಯಿ ಬೆಳ್ಳಿಯದು. ಯಾರೇ ಆಗಲಿ ಬೆಳ್ಳಿ ತಂದುಕೊಟ್ಟು ಮುಂಬಯಿಯ ಇಲ್ಲವೇ ಕಲಕತ್ತೆಯ ಟಂಕಸಾಲೆಯಲ್ಲಿ ರೂಪಾಯಿ ಹೊಡೆಸಿಕೊಳ್ಳಬಹುದಿತ್ತು. ಲಂಡನ್ನಿಗೆ ಚಿನ್ನದ ಲೆಕ್ಕದಲ್ಲಿ ಕಪ್ಪ ಕಟ್ಟಬೇಕಾದ ಸರಕಾರಕ್ಕೆ ಇಳಿಯುವ ರೂಪಾಯಿ ದುಬಾರಿಯಾಯಿತು. 1893ರ ಜೂನ್ 26ರಂದು ಅದು ಟಂಕಸಾಲೆಗಳ ಬಾಗಿಲನ್ನು ಖಾಸಗಿ ಬೆಳ್ಳಿಗೆ ಮುಚ್ಚಿತು. ಕೆಲವೇ ದಿನಗಳಲ್ಲಿ ಜಗತ್ತಿನ ಬೆಳ್ಳಿಯ ಧಾರಣೆ ಬಿದ್ದು, ಅಮೆರಿಕದ ಕೊಲೊರಾಡೋ ಸೀಮೆಯ ಗಣಿಗಳು ಮುಚ್ಚಿ, ಆ ವರ್ಷದ ಅಲ್ಲಿನ ಆರ್ಥಿಕ ಗಾಬರಿ ಇನ್ನಷ್ಟು ಹೆಚ್ಚಿತು. ಕೋಟೆ ಪ್ರದೇಶದಲ್ಲಿ ನಾವು ದಿನವೂ ಹಾದುಹೋಗುವ ಆ ಕಂಬಗಳ ಕಟ್ಟಡ ನೆಬ್ರಾಸ್ಕಾದ ರೈತನ ರಾಜಕೀಯದಲ್ಲಿ ಕೈಯಿಟ್ಟಿತ್ತು ಎಂದರೆ ಅತಿಶಯವಲ್ಲ.

ಆ ನೆಬ್ರಾಸ್ಕಾದಿಂದ ಬಂದವನೇ ವಿಲಿಯಂ ಜೆನ್ನಿಂಗ್ಸ್ ಬ್ರಯನ್. ವಯಸ್ಸು 36. ಜುಲೈ 9ರಂದು ಶಿಕಾಗೋದಲ್ಲಿ ಮಾಡಿದ ಒಂದೇ ಭಾಷಣದಿಂದ ಡೆಮಾಕ್ರಾಟಿಕ್ ಪಕ್ಷದ ಉಮೇದುವಾರನಾದ. ಡೌ ಜೋನ್ಸ್ ಕೈಗಾರಿಕಾ ಸೂಚ್ಯಂಕ ಅದೇ ವರ್ಷ ಮೇ 26ರಂದು 40.94ರಿಂದ ಆರಂಭವಾಗಿತ್ತು; ಆಗಸ್ಟ್ 8ರ ಹೊತ್ತಿಗೆ 28.48ಕ್ಕೆ ಇಳಿಯಿತು. ಅದರ ಇಡೀ ಇತಿಹಾಸದಲ್ಲಿ ಅದಕ್ಕಿಂತ ಕೆಳಗಿನ ಅಂಕಿಯಿಲ್ಲ. ಬ್ರಯನ್ ರೈಲಿನಲ್ಲಿ ಹದಿನೆಂಟು ಸಾವಿರ ಮೈಲಿ ತಿರುಗಿ ಸುಮಾರು ಆರು ನೂರು ಭಾಷಣ ಮಾಡಿದ. ಎದುರಾಳಿ ಮೆಕಿನ್ಲೆ ತನ್ನ ಮನೆಯ ಜಗಲಿ ಬಿಟ್ಟು ಕದಲಲಿಲ್ಲ. ಜನರೇ ಅವನಲ್ಲಿಗೆ ಬಂದರು. ಅವನ ಬೆನ್ನಿಗಿದ್ದ ಮಾರ್ಕ್ ಹ್ಯಾನಾ ಬ್ಯಾಂಕುಗಳಿಂದಲೂ ದೊಡ್ಡ ಕಂಪನಿಗಳಿಂದಲೂ ವಂತಿಗೆ ಎತ್ತಿ ಸುಮಾರು ಮೂವತ್ತೈದು ಲಕ್ಷ ಡಾಲರ್ ಕೂಡಿಸಿದ. ಅಷ್ಟು ಹಣ ಅಲ್ಲಿಯವರೆಗಿನ ಯಾವ ಚುನಾವಣೆಯೂ ಕಂಡಿರಲಿಲ್ಲ. ವ್ಯಾಪಾರಿಗಳು ಕಾರಖಾನೆಗಳಿಗೆ ಸರಕಿನ ಆರ್ಡರು ಕೊಡುವಾಗ 'ಮೆಕಿನ್ಲೆ ಗೆದ್ದರೆ ಮಾತ್ರ' ಎಂಬ ಷರತ್ತು ಬರೆದರು. ಕೊನೆಯ ವಾರದಲ್ಲಿ ನ್ಯೂಯಾರ್ಕಿನ ಸರಕಾರಿ ಖಜಾನೆಯ ಮುಂದೆ ನೋಟು ಕೊಟ್ಟು ಚಿನ್ನ ಪಡೆಯುವವರ ಸಾಲು ನಿಂತಿತು.

ಈ ಚುನಾವಣೆಯಲ್ಲಿ ನಮ್ಮನ್ನು ಬಹಳ ಕಾಲ ಕಾಡಿದ ವಿಷಯ ಬೇರೆ. ಗೋಧಿಯ ಬೆಲೆಯೂ ಬೆಳ್ಳಿಯ ಬೆಲೆಯೂ ಒಟ್ಟಿಗೆ ಏರಿಳಿಯುತ್ತವೆ ಎಂಬುದು ಬ್ರಯನ್ನನ ವಾದದ ತಿರುಳು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬೆಳ್ಳಿ ಇದ್ದಲ್ಲೇ ಇತ್ತು. ಗೋಧಿ ಮಾತ್ರ ಶಿಕಾಗೋದ ಪೇಟೆಯಲ್ಲಿ ಜೋರಾಗಿ ಏರಿತು. ರೈತನ ಕೈಯಲ್ಲಿ ನಾಲ್ಕು ಕಾಸು ಆಡಿತು, ವಾದ ಕುಂದಿತು. ಬ್ರಯನ್ನನ ವಿರೋಧಿಗಳು ಇದನ್ನು ಊರೂರಿಗೂ ಸಾರಿದರು. ನವೆಂಬರ್ 3ರಂದು ಮೆಕಿನ್ಲೆ 271 ಮತಗಳಿಂದ ಗೆದ್ದ, ಬ್ರಯನ್ನನಿಗೆ 176.

ಗೋಧಿ ಏಕೆ ಏರಿತು? ಹಿಂದೂಸ್ತಾನದಲ್ಲಿ ಮಳೆ ಕೈಕೊಟ್ಟಿತ್ತು. ಗೋಧಿ ರಫ್ತು ಮಾಡುತ್ತಿದ್ದ ದೇಶ ಆ ವರ್ಷ ಉಣ್ಣಲೂ ಇಲ್ಲದ ಸ್ಥಿತಿಗೆ ಬಂತು. ಬೇರೆ ಕೆಲವು ದೇಶಗಳ ಬೆಳೆಯೂ ಕಡಿಮೆಯಾಗಿತ್ತು. ಆದರೆ ಪೇಟೆಯನ್ನು ಎಬ್ಬಿಸಿದ ಮುಖ್ಯ ಸುದ್ದಿ ನಮ್ಮ ಬರದ್ದು. 1896-97ರ ಆ ಬರದಲ್ಲಿ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆ ನಲುಗಿದ ಪ್ರದೇಶಗಳಲ್ಲೊಂದು. ಅದೇ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಪ್ಲೇಗು ಕಾಣಿಸಿಕೊಂಡಿತ್ತು. ಹೊಟ್ಟೆಪಾಡಿಗೆ ಈ ಊರಿಗೆ ಬಂದವನಿಗೆ ಇಲ್ಲಿ ರೋಗ, ಹಿಂದಿರುಗಿದರೆ ಅಲ್ಲಿ ಹಸಿವು. ಆ ಹಸಿವು ಸಾಗರದಾಚೆಯ ಕಪ್ಪುಹಲಗೆಯ ಮೇಲೆ ಒಂದು ಒಳ್ಳೆಯ ಧಾರಣೆಯಾಗಿ ಮೂಡಿತು. ಆ ಧಾರಣೆ ಒಬ್ಬ ಅಧ್ಯಕ್ಷನ ಗೆಲುವಿಗೆ ನೆರವಾಯಿತು. ಮಧ್ಯದಲ್ಲಿ ಯಾರೂ ಕ್ರೂರಿಗಳಿರಲಿಲ್ಲ. ಶಿಕಾಗೋದ ದಲಾಲಿಗೆ ವಿಜಾಪುರ ಎಲ್ಲಿದೆಯೆಂದು ತಿಳಿದಿರಲಿಲ್ಲ. ಬೆಲೆಯನ್ನು ಓದಲು ಅದು ತಿಳಿದಿರಬೇಕಾಗಿಯೂ ಇರಲಿಲ್ಲ.

ಬ್ರಯನ್ ಸೋತ ಮೇಲೆ ದಕ್ಷಿಣ ಆಫ್ರಿಕದಿಂದಲೂ ಕ್ಲೋಂಡೈಕಿನಿಂದಲೂ ಹೊಸ ಚಿನ್ನ ಬಂತು. ಹಣ ಹೆಚ್ಚಿತು, ಬೆಲೆಗಳು ಏರಿದವು, ಬೆಳ್ಳಿಯ ಕೂಗು ಅಡಗಿತು. ಅವನು ಕೇಳಿದ್ದು ದೊರೆಯಿತು, ಅವನು ಹೇಳಿದ ದಾರಿಯಲ್ಲಿ ಅಲ್ಲ, ಅವನಿಗೂ ಅಲ್ಲ.

1932-33: ನಾಲ್ಕು ತಿಂಗಳ ಅರಾಜಕತೆ

ಮೂರನೆಯ ಕಥೆ ಎಲ್ಲರಿಗೂ ಸ್ವಲ್ಪ ತಿಳಿದದ್ದೇ, ಚಿಕ್ಕದಾಗಿ ಹೇಳುತ್ತೇವೆ. 1932ರ ನವೆಂಬರ್ 8ರಂದು ರೂಸ್‌ವೆಲ್ಟ್ ಹೂವರನನ್ನು ಸೋಲಿಸಿದ. ಅಧಿಕಾರ ಸ್ವೀಕಾರ ಮಾರ್ಚ್ 4ಕ್ಕೆ. ಕುದುರೆ ಗಾಡಿಯ ಕಾಲದಲ್ಲಿ ಮಾಡಿದ ಈ ನಾಲ್ಕು ತಿಂಗಳ ಅಂತರ ರೇಡಿಯೋ ಕಾಲದಲ್ಲಿ ಮಾರಕವಾಯಿತು. ಹಳೆಯ ಅಧ್ಯಕ್ಷನಿಗೆ ಬಲವಿಲ್ಲ, ಹೊಸಬನಿಗೆ ಅಧಿಕಾರವಿಲ್ಲ. ರೂಸ್‌ವೆಲ್ಟ್ ಬಂದರೆ ಡಾಲರಿನ ಚಿನ್ನದ ಬೆಲೆ ಇಳಿಸುತ್ತಾನೆ ಎಂಬ ಗುಮಾನಿಯಿಂದ ಜನ ಬ್ಯಾಂಕುಗಳಿಂದ ಚಿನ್ನ ಎಳೆಯತೊಡಗಿದರು. ಫೆಬ್ರುವರಿ 14ರಂದು ಮಿಶಿಗನ್ ರಾಜ್ಯದ ಬ್ಯಾಂಕುಗಳು ಮುಚ್ಚಿದವು. ಹೊಸ ಪ್ರಯೋಗ ಮಾಡುವುದಿಲ್ಲವೆಂದು ಮಾತು ಕೊಟ್ಟು ಜನರನ್ನು ಸಮಾಧಾನಪಡಿಸು ಎಂಬ ಅರ್ಥದಲ್ಲಿ ಹೂವರ್ ಪತ್ರ ಬರೆದ, ರೂಸ್‌ವೆಲ್ಟ್ ಕಟ್ಟುಬೀಳಲಿಲ್ಲ. ಮಾರ್ಚ್ 4ರ ಬೆಳಿಗ್ಗೆ ನ್ಯೂಯಾರ್ಕಿನ ಬ್ಯಾಂಕುಗಳೂ ಶೇರುಪೇಟೆಯೂ ತೆರೆಯಲಿಲ್ಲ.

ಹೊಸ ಅಧ್ಯಕ್ಷ ದೇಶದ ಎಲ್ಲ ಬ್ಯಾಂಕುಗಳಿಗೂ ರಜೆ ಘೋಷಿಸಿ, ತಪಾಸಣೆ ನಡೆಸಿ, ಮಾರ್ಚ್ 12ರ ರಾತ್ರಿ ರೇಡಿಯೋದಲ್ಲಿ ಜನರಿಗೆ ತಿಳಿಯುವ ಭಾಷೆಯಲ್ಲಿ ಬ್ಯಾಂಕು ಎಂದರೇನೆಂದು ವಿವರಿಸಿದ. ಮರುದಿನದಿಂದ ಬ್ಯಾಂಕುಗಳು ತೆರೆದಾಗ ಜನ ಹಣ ಹಿಂದಕ್ಕೆ ತಂದಿಟ್ಟರು. ಮಾರ್ಚ್ 15ರಂದು ಶೇರುಪೇಟೆ ತೆರೆದಾಗ ಡೌ ಸೂಚ್ಯಂಕ ಒಂದೇ ದಿನ ಶೇ. 15ಕ್ಕೂ ಹೆಚ್ಚು ಏರಿತು. ಆ ದಾಖಲೆ ಇಂದಿಗೂ ಮುರಿದಿಲ್ಲ. ಗಮನಿಸಬೇಕಾದ್ದೇನೆಂದರೆ, ಪೇಟೆಯ ಗುಮಾನಿ ಸರಿಯಾಗಿಯೇ ಇತ್ತು. ಒಂದು ವರ್ಷದೊಳಗೆ ಚಿನ್ನದ ಬೆಲೆ ಔನ್ಸಿಗೆ 20.67 ಡಾಲರಿನಿಂದ 35ಕ್ಕೆ ಹೋಯಿತು. ಆದರೆ ಅಂಜಿದ್ದು ನಡೆದಾಗ ಪೇಟೆ ಮುಳುಗಲಿಲ್ಲ, ಏರಿತು. ಅದನ್ನು ಕೊಂದದ್ದು ಡಾಲರಿನ ಇಳಿಕೆಯಲ್ಲ, ಹೇಳುವವರು ಕೇಳುವವರು ಇಲ್ಲದ ಆ ನಾಲ್ಕು ತಿಂಗಳು. ಅಧಿಕಾರ ಸ್ವೀಕಾರವನ್ನು ಜನವರಿ 20ಕ್ಕೆ ತರುವ ಸಂವಿಧಾನ ತಿದ್ದುಪಡಿಗೆ ಅದೇ ಚಳಿಗಾಲದಲ್ಲಿ ಅಂಗೀಕಾರ ದೊರೆತಿತ್ತು; ಜಾರಿಗೆ ಬರುವಾಗ ತಡವಾಗಿತ್ತು.

ಪೇಟೆ ಏನನ್ನು ಬಲ್ಲುದು?

ಮತ್ತೆ 2016ಕ್ಕೆ ಬರೋಣ. ಅದೂ ನವೆಂಬರ್ 8ರ ಮಂಗಳವಾರವೇ. ಟ್ರಂಪ್ ಗೆದ್ದರೆ ಪೇಟೆ ಕುಸಿಯುತ್ತದೆ ಎಂದು ಬಲ್ಲವರು ಹೇಳಿದ್ದರು. ಆ ರಾತ್ರಿ ಡೌ ಸೂಚ್ಯಂಕದ ವಾಯದೆ 800 ಅಂಶಕ್ಕೂ ಹೆಚ್ಚು ಬಿದ್ದಿತು, ಮೆಕ್ಸಿಕೋದ ಪೆಸೊ ಶೇ. 10ಕ್ಕೂ ಹೆಚ್ಚು ಇಳಿಯಿತು. ನಮ್ಮ ಲೋಕಲ್ ಗಾಡಿಯ ತರುಣರು ನೋಡುತ್ತಿದ್ದುದು ಆ ಹೊತ್ತನ್ನು. ಆದರೆ ಅಲ್ಲಿ ಬೆಳಗಾಗಿ ಪೇಟೆ ನಡೆದು ಮುಗಿದಾಗ ಡೌ 257 ಅಂಶ ಮೇಲಿತ್ತು. ಗೆಲ್ಲುವವನನ್ನು ಊಹಿಸಿದ್ದೂ ತಪ್ಪಿತು, ಅವನು ಗೆದ್ದರೆ ಏನಾಗುತ್ತದೆಂಬ ಊಹೆಯೂ ತಪ್ಪಿತು. ಇದು ಹೊಸದಲ್ಲ. 1916ರಲ್ಲಿ ವಾಲ್ ಸ್ಟ್ರೀಟಿನ ಬಯಲು ದಲಾಲರು ಚುನಾವಣೆಯ ಮೇಲೆ ಭಾರಿ ಪಂದ್ಯ ಕಟ್ಟಿದ್ದರು. ರಾತ್ರಿ ಹ್ಯೂಸ್ ಗೆದ್ದನೆಂದು ಮಲಗಿದವರು, ಕ್ಯಾಲಿಫೋರ್ನಿಯಾದ ನಾಲ್ಕು ಸಾವಿರಕ್ಕೂ ಕಡಿಮೆ ಮತಗಳ ಅಂತರದಿಂದ ವಿಲ್ಸನ್ ಉಳಿದುಕೊಂಡುದನ್ನು ಎದ್ದ ಮೇಲೆ ತಿಳಿದರು.

ಅಮೆರಿಕದಲ್ಲಿ ಶೇರುಪೇಟೆಗೂ ಪಂಚಾಂಗವಿದೆ. ಯೇಲ್ ಹಿರ್ಷ್ ಎಂಬವರು 1960ರ ದಶಕದಲ್ಲಿ ಆರಂಭಿಸಿದ ಅದರ ಪ್ರಕಾರ ಅಧ್ಯಕ್ಷನ ನಾಲ್ಕು ವರ್ಷಗಳಲ್ಲಿ ಮೂರನೆಯದು ಪೇಟೆಗೆ ಶುಭ. ಅಂಕಿಗಳಲ್ಲಿ ಇಂಥ ಒಲವು ಕಂಡದ್ದುಂಟು. ಆದರೆ 1864ರಿಂದ 2024ರವರೆಗೆ ನಡೆದ ಅಧ್ಯಕ್ಷೀಯ ಚುನಾವಣೆಗಳು ಕೇವಲ 41. ಅವುಗಳ ಪೈಕಿ ಒಂದರಲ್ಲಿ ಯುದ್ಧ, ಒಂದರಲ್ಲಿ ಬರ, ಒಂದರಲ್ಲಿ ಬ್ಯಾಂಕು ಮುಳುಗಡೆ. 2020ರಲ್ಲಿ ಬೈಡನ್ ಗೆದ್ದರೆಂದು ಶನಿವಾರ ಗೊತ್ತಾಯಿತು. ಸೋಮವಾರ ಪೇಟೆ ಜಿಗಿಯಿತು, ಆದರೆ ಅದೇ ಸೋಮವಾರ ಬೆಳಿಗ್ಗೆ ಕೊರೊನಾ ಲಸಿಕೆ ಫಲಕಾರಿಯೆಂಬ ಸುದ್ದಿಯೂ ಬಂದಿತ್ತು. 1896ರಲ್ಲಿ ಗೋಧಿ, 2016ರಲ್ಲಿ ನಮ್ಮ ನೋಟು, 2020ರಲ್ಲಿ ಲಸಿಕೆ. ಚುನಾವಣೆ ಒಂಟಿಯಾಗಿ ಬರುವುದೇ ಇಲ್ಲ.

ಈ ನಾಲ್ಕು ಕಥೆಗಳಿಂದ ನಮಗೆ ತೋರಿದ್ದು ಇಷ್ಟು. ಪೇಟೆ ವ್ಯಕ್ತಿಗಿಂತ ಅನಿಶ್ಚಿತತೆಗೆ ಹೆಚ್ಚು ಹೆದರುತ್ತದೆ. ಆದುದರಿಂದ ಚುನಾವಣೆಗೆ ಮೊದಲಿನ ನಡುಕವನ್ನೂ ನಂತರದ ಏರಿಕೆಯನ್ನೂ ಗೆದ್ದವನ ಯೋಗ್ಯತೆಯ ಅಳತೆಯೆಂದು ತಿಳಿಯಬಾರದು. ಪೇಟೆ ಒಳ್ಳೆಯದು ಕೆಟ್ಟದ್ದನ್ನು ತೂಗುವುದಿಲ್ಲ. ಲಿಂಕನ್ನನ ಗೆಲುವಿಗೆ ಚಿನ್ನ ಏರಿದ್ದನ್ನು ಮರೆಯದಿದ್ದರೆ, ಸೂಚ್ಯಂಕವನ್ನು ಜನಾಭಿಪ್ರಾಯವೆಂದು ಓದುವ ಇಂದಿನ ಚಾಳಿಯಿಂದ ಸ್ವಲ್ಪ ದೂರ ನಿಲ್ಲಬಹುದು. ಮತ್ತು ದೂರದ ಮತಪೆಟ್ಟಿಗೆಯ ಬೆಲೆ ತೆರುವವರಲ್ಲಿ ಮತವಿಲ್ಲದವರೇ ಬಹಳ.

ಇತ್ತೀಚೆಗೆ ಗದಗಿನ ಹಿರಿಯರ ಮನೆಗೆ ಹೋಗಿದ್ದಾಗ ನಮ್ಮ ಪೆನ್ಷನ್ ಖಾತೆಯ ವಾರ್ಷಿಕ ಪತ್ರಕವನ್ನು ಅವರಿಗೆ ತೋರಿಸಿದೆವು. ಅವರು ಕನ್ನಡಕ ಏರಿಸಿ ಅಂಕಿಗಳನ್ನು ನೋಡಿದರು. 2016ರ ನವೆಂಬರ್ 9ರ ಗಾಯ ಅದರಲ್ಲಿ ಎಲ್ಲೂ ಕಾಣಿಸುತ್ತಿರಲಿಲ್ಲ. ವರ್ಷಗಳ ಸಣ್ಣ ಸಣ್ಣ ಕಂತುಗಳು ಅದನ್ನು ಎಂದೋ ಮುಚ್ಚಿಹಾಕಿದ್ದವು. "ನಮ್ಮಜ್ಜ ಹೇಳ್ತಿದ್ದರು, ಧಾರಣಿ ನೋಡಿ ಬಿತ್ತಬ್ಯಾಡ, ಮಳಿ ನೋಡಿ ಬಿತ್ತು ಅಂತ" ಎಂದು ಪತ್ರಕವನ್ನು ಮಡಿಸಿ ಹಿಂದಕ್ಕೆ ಕೊಟ್ಟರು. ಅವರ ಅಂದಿನ ಪ್ರಶ್ನೆಗೆ ನಾವು ಇಷ್ಟು ದಿನ ಓದಿ ಕೂಡಿಹಾಕಿದ ಉತ್ತರ ಅವರ ಮನೆಯಲ್ಲಿಯೇ ಇತ್ತು. ನಿವೃತ್ತಿಗೆ ನಮಗಿನ್ನೂ ಕೆಲವು ಚುನಾವಣೆಗಳು ಉಳಿದಿವೆ, ಅಲ್ಲಿಯವೂ ಇಲ್ಲಿಯವೂ. ಅಂಥ ಬೆಳಿಗ್ಗೆಗಳಲ್ಲಿ ಗಾಡಿಯೊಳಗೆ ಮೊಬೈಲು ನೋಡದಿರಲು ಪ್ರಯತ್ನಿಸುತ್ತೇವೆ. ನೋಡಿದರೂ, ಆ ಅಂಕಿಯ ಆಚೆ ಒಂದು ವಿಜಾಪುರ ಇದ್ದೀತೆಂದು ನೆನೆಯುತ್ತೇವೆ.